ಇದೆ, ಇಲ್ಲ, ಗೊತ್ತಾಗಲಿಲ್ಲ

ಆಸ್ಪತ್ರೆಗೆ ವೆಬ್ ಪುಟ ಬರೆಯುವವರ ಹೆಸರು ರೋಗಿಗಳಿಗೆ ತಿಳಿದಿರುವುದಿಲ್ಲ, ವೈದ್ಯರಿಗೆ ಬೇಕಾಗಿರುವುದಿಲ್ಲ. ಪುಟ ಕೆಟ್ಟ ದಿನ ಮಾತ್ರ ಅದು ಎಲ್ಲರ ಬಾಯಲ್ಲೂ ಇರುತ್ತದೆ. ಇಂಥ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಪ್ರೋಗ್ರಾಮರನ್ನು ಇಡೀ ಆಸ್ಪತ್ರೆ ‘ಗೊತ್ತಿಲ್ಲ ಸರ್’ ಎಂದೇ ಕರೆಯುತ್ತದೆ. ಯಾವ ಸಭೆಯಲ್ಲಿ ಯಾರು ಏನು ಕೇಳಿದರೂ, ತಮಗೆ ಖಚಿತವಿಲ್ಲದಿದ್ದರೆ ಅವರು “ಗೊತ್ತಿಲ್ಲ, ನೋಡಿ ಹೇಳ್ತೀನಿ” ಎನ್ನುತ್ತಿದ್ದರು. ನೋಡಿ ಹೇಳುತ್ತಲೂ ಇದ್ದರು. ಅಡ್ಡಹೆಸರಿಟ್ಟವರು ಎರಡನೆಯ ಭಾಗವನ್ನು ಬಿಟ್ಟುಬಿಟ್ಟರು.

ಈ ಅಭಿನಂದನಾ ಸಂಪುಟದ ಸಂಪಾದಕ ಸಮಿತಿಯವರು ಈ ಲೇಖಕಿಗೆ ಸರ್ ಅವರ ಸಾಧನೆಗಳ ಪಟ್ಟಿಯನ್ನು ಕಳಿಸಿಕೊಟ್ಟು, ಹನ್ನೊಂದು ವರ್ಷದ ಹಿಂದಿನ ‘ಆ ಪ್ರಸಂಗ’ವನ್ನು ಮುಟ್ಟದಿದ್ದರೆ ಒಳ್ಳೆಯದೆಂದು ಸೂಚಿಸಿದ್ದಾರೆ. ಅವರ ಸೇವಾ ಕಡತದಲ್ಲಿರುವ ಒಂದೇ ಒಂದು ಕಪ್ಪುಚುಕ್ಕೆ ಅದು. ಸಮಿತಿಯ ಕಳಕಳಿಯನ್ನು ಗೌರವಿಸುತ್ತಲೇ ಲೇಖಕಿ ಅದನ್ನೇ ಬರೆಯಲು ಹೊರಟಿದ್ದಾಳೆ, ಏಕೆಂದರೆ ಆ ತಪ್ಪು ಅವರದಲ್ಲ, ಇವಳದು.

ಮಗಳನ್ನು ಶಾಲೆಗೆ ಸೇರಿಸಿ, ಆರು ವರ್ಷದ ಬಿಡುವಿನ ನಂತರ ಲೇಖಕಿ ಈ ಆಸ್ಪತ್ರೆಯ ಕೆಲಸಕ್ಕೆ ಬಂದಾಗ ಅವಳು ಕಲಿತಿದ್ದ ವಿದ್ಯೆಗೆ ತುಕ್ಕು ಹಿಡಿದಿತ್ತು. ಪ್ರಾಮಿಸ್, ಇವೆಂಟ್ ಲೂಪ್ ಎಂಬ ಮಾತುಗಳು ಕಿವಿಗೆ ಬೀಳುತ್ತಿದ್ದವೇ ಹೊರತು ತಲೆಗೆ ಹೋಗುತ್ತಿರಲಿಲ್ಲ. ಸರ್ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸದೆ ಮೂರನೆಯ ಮಹಡಿಯ ವಾರ್ಡಿಗೆ ಕರೆದೊಯ್ದು ಹಿರಿಯ ನರ್ಸಮ್ಮನನ್ನು ತೋರಿಸಿದರು. ಆಕೆ ಒಂದು ಹಾಸಿಗೆಯ ರಕ್ತದ ಸ್ಯಾಂಪಲ್ ಲ್ಯಾಬಿಗೆ ಕಳಿಸಿ, ಚೀಟಿ ಜೇಬಿಗೆ ಹಾಕಿಕೊಂಡು, ಮುಂದಿನ ಹಾಸಿಗೆಗೆ ಹೋದರು. ರಿಪೋರ್ಟ್ ಬಂದಾಗ, ಕಟ್ಟುತ್ತಿದ್ದ ಬ್ಯಾಂಡೇಜನ್ನು ಮುಗಿಸಿಯೇ ಅದನ್ನು ಕೈಗೆತ್ತಿಕೊಂಡರು.

“ಇವೆಂಟ್ ಲೂಪ್ ಅಂದ್ರೆ ಇವರೇ ನೋಡಮ್ಮ. ಇರೋದು ಎರಡೇ ಕೈ, ಆದ್ರೆ ಯಾರ ಬಾಗಿಲಲ್ಲೂ ಕಾಯ್ತಾ ನಿಲ್ಲಲ್ಲ. ಜೇಬಲ್ಲಿರೋ ಆ ಚೀಟಿ ಪ್ರಾಮಿಸ್ಸು. ಚೀಟಿ ಸಿಕ್ತು ಅಂದ್ರೆ ರಿಪೋರ್ಟ್ ಸಿಕ್ತು ಅಂತಲ್ಲ. ರಿಪೋರ್ಟೂ ಬರಬಹುದು, ಸ್ಯಾಂಪಲ್ ಕೆಟ್ಟೋಯ್ತು ಅನ್ನೋ ಸುದ್ದಿನೂ ಬರಬಹುದು. ಎರಡಕ್ಕೂ ಏನು ಮಾಡೋದು ಅಂತ ಮೊದಲೇ ಬರೆದಿಡು.”

“ನನ್ನ ಹೊಗಳ್ತಿದ್ದೀರೋ, ಮೆಷಿನ್ನ ಹೊಗಳ್ತಿದ್ದೀರೋ?” ಎಂದು ನರ್ಸಮ್ಮ ಕೇಳಿದರು. ಲೇಖಕಿ ನಕ್ಕಳು, ತಲೆಯಾಡಿಸಿದಳು, ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಂಡದ್ದನ್ನು ಮಾಡುವ ತಾಳ್ಮೆ ಮಾತ್ರ ಅವಳಿಗೆ ಆಗ ಇರಲಿಲ್ಲ.

ಎಂಟನೆಯ ತಿಂಗಳಿಗೆ ಅವಳಿಗೆ ರಕ್ತನಿಧಿಯ ಪುಟ ಬರೆಯುವ ಕೆಲಸ ಸಿಕ್ಕಿತು. ನರ್ಸ್ ಗುಂಡಿ ಒತ್ತಿದೊಡನೆ ಪುಟ ಊರಿನ ಮೂರು ರಕ್ತನಿಧಿಗಳನ್ನು ಒಟ್ಟಿಗೆ ವಿಚಾರಿಸಿ, ಬೇಕಾದ ಗುಂಪಿನ ರಕ್ತ ಎಲ್ಲಿದೆ ಎಂದು ತೋರಿಸಬೇಕಿತ್ತು. ಲೇಖಕಿ ಮೂರೂ ಕೋರಿಕೆಗಳನ್ನು ಒಂದೇ ಕಟ್ಟಾಗಿ ಕಟ್ಟಿದಳು. ಹಾಗೆ ಕಟ್ಟಿದರೆ, ಒಂದು ಕೋರಿಕೆ ಸೋತ ಕ್ಷಣವೇ ಉಳಿದೆರಡಕ್ಕೆ ಕಾಯದೆ ಇಡೀ ಕಟ್ಟು ಸೋತಂತೆ. ಸೋತಾಗ ಏನು ಮಾಡಬೇಕೆಂಬಲ್ಲಿ ಅವಳು ಖಾಲಿ ಪಟ್ಟಿಯೊಂದನ್ನು ಇಟ್ಟು ಕೈ ತೊಳೆದುಕೊಂಡಳು. ಪಟ್ಟಿ ಖಾಲಿಯಿದ್ದರೆ ಪರದೆಯ ಮೇಲೆ ಬರುತ್ತಿದ್ದುದು ‘ರಕ್ತ ಲಭ್ಯವಿಲ್ಲ’ ಎಂಬ ಮಾತು. ಅದನ್ನು ಪರಿಶೀಲಿಸಬೇಕಾಗಿದ್ದ ಸರ್ ಮುಂದೆ ಅಂದು ಇನ್ನೂ ಹನ್ನೆರಡು ಪುಟಗಳಿದ್ದವು. ನೋಡಿದರು, ಒಪ್ಪಿಗೆ ಕೊಟ್ಟರು.

ಪ್ರತಿ ಬುಧವಾರ ಮಧ್ಯಾಹ್ನ ಸರ್ ವಾರ್ಡಿನಲ್ಲಿ ನರ್ಸುಗಳ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ತಾವು ಬರೆಸಿದ ಪುಟಗಳು ಎಷ್ಟು ಸೆಕೆಂಡಿಗೆ ಉತ್ತರಿಸುತ್ತವೆಂದು ಕೈಗಡಿಯಾರ ನೋಡಿ ಬರೆದುಕೊಳ್ಳುವುದು ಅವರ ಪದ್ಧತಿ. “ಮೇಷ್ಟ್ರು ಬಂದ್ರು, ನೆಟ್ಟಗೆ ಕೂತ್ಕೊಳ್ರೇ” ಎಂದು ನರ್ಸುಗಳು ರೇಗಿಸುತ್ತಿದ್ದರು. ಅಂಥದೊಂದು ಬುಧವಾರ, ಹೆರಿಗೆಯಾದ ತಾಯಿಯೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಅಪರೂಪದ ನೆಗೆಟಿವ್ ಗುಂಪು. ನರ್ಸ್ ಗುಂಡಿ ಒತ್ತಿದರು, ‘ರಕ್ತ ಲಭ್ಯವಿಲ್ಲ’ ಎಂದು ಬಂತು. ವೈದ್ಯರು ಬೇರೆ ಆಸ್ಪತ್ರೆಗೆ ಸಾಗಿಸಲು ಹೇಳಿದರು, ಸ್ಟ್ರೆಚರ್ ಲಿಫ್ಟಿನ ಬಾಗಿಲು ಮುಟ್ಟಿತು.

ಸರ್ ಗಡಿಯಾರವನ್ನೇ ನೋಡುತ್ತಿದ್ದರು. ಎರಡನೆಯ ರಕ್ತನಿಧಿಯ ಸರ್ವರ್ ಎಷ್ಟು ಬೇಗ ಎಂದರೂ ನಾಲ್ಕೂವರೆ ಸೆಕೆಂಡು ತೆಗೆದುಕೊಳ್ಳುತ್ತದೆ. ಈ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತ್ತು. ಕೇಳಿಸಿಕೊಳ್ಳುವ ಮೊದಲೇ ‘ಇಲ್ಲ’ ಎಂದವರನ್ನು ಅವರು ಎಂದೂ ನಂಬಿದವರಲ್ಲ. “ತಡೀರಿ!” ಎಂದು ಕೂಗಿ ಫೋನ್ ಎತ್ತಿದರು. ಕೆಟ್ಟು ಕೂತಿದ್ದುದು ಮೂರನೆಯ ರಕ್ತನಿಧಿಯ ಸರ್ವರ್. ಎರಡನೆಯದರಲ್ಲಿ ಎರಡು ಬಾಟಲಿ ರಕ್ತವಿತ್ತು. ತಾಯಿ ಉಳಿದಳು.

ವೈದ್ಯರು ದೂರು ಕೊಟ್ಟರು, ವಿಚಾರಣೆ ಆಯಿತು. ಸರ್ ಬರೆದುಕೊಟ್ಟದ್ದು ಒಂದೇ ಸಾಲು: ‘ಈ ಪುಟದ ಹೊಣೆ ನನ್ನದು.’ ಅಳುತ್ತಾ ಹೋದ ಲೇಖಕಿಯನ್ನು ಅವರು ಸಮಾಧಾನವನ್ನೇನೂ ಪಡಿಸಲಿಲ್ಲ.

“ಈಗ ಹೆಸರು ಹೇಳಿದ್ರೆ ನಿನ್ನನ್ನ ಮನೆಗೆ ಕಳಿಸ್ತಾರೆ, ಪುಟ ಹಾಗೇ ಉಳ್ಕೊಳತ್ತೆ. ಕೂತು ಸರಿ ಮಾಡು. ಹೇಳೋದಿದ್ರೆ ಆಮೇಲೆ ಹೇಳು.”

ಮೂರು ವಾರ ಅವರು ಅವಳೊಡನೆ ಸಿಡಿಮಿಡಿಗುಟ್ಟುತ್ತಲೇ ಇದ್ದರು. ಅಂಥದೇ ಖಾಲಿ ಪಟ್ಟಿಗಳು ಬೇರೆ ಪುಟಗಳಲ್ಲಿ ನಲವತ್ತೊಂದು ಕಡೆ ಸಿಕ್ಕವು. ಒಂದೊಂದನ್ನೂ ಅವಳ ಕೈಯಿಂದಲೇ ತಿದ್ದಿಸಿದರು. ರಕ್ತನಿಧಿಯ ಪುಟ ಅಂದಿನಿಂದ ಒಂದೊಂದು ನಿಧಿಗೂ ಬೇರೆ ಬೇರೆಯಾಗಿ ಉತ್ತರ ಕೊಡುತ್ತದೆ: ‘ಇದೆ’, ‘ಇಲ್ಲ’, ‘ಗೊತ್ತಾಗಲಿಲ್ಲ, ಫೋನ್ ಮಾಡಿ’. ಮೂರನೆಯದರ ಪಕ್ಕದಲ್ಲಿ ಫೋನ್ ನಂಬರು ಇರುತ್ತದೆ.

ಆ ‘ಆಮೇಲೆ’ ಹನ್ನೊಂದು ವರ್ಷವಾಯಿತು. ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಸರದಿ ಸರ್ ಅವರದಿತ್ತು. ಕಡತ ತೆರೆದರು, ಚುಕ್ಕೆ ಕಂಡಿತು, ಹುದ್ದೆ ಬೇರೆಯವರ ಪಾಲಾಯಿತು. ಹಾಗೆ ಬಂದವರೂ ಬಿಟ್ಟುಹೋದ ಮೇಲೆ, ನಾಲ್ಕು ವರ್ಷದ ಹಿಂದೆ, ಅದೇ ಕುರ್ಚಿಗೆ ಈ ಲೇಖಕಿ ಬಂದಳು. ಅವಳು ಸಭೆಗೆ ಬಂದಾಗಲೆಲ್ಲ ಸರ್ ಎದ್ದು ನಿಂತು “ಬನ್ನಿ ಮೇಡಂ” ಎನ್ನುತ್ತಿದ್ದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಸಂದರ್ಭ ಒದಗಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡದ್ದು ನೆಪ. ಧೈರ್ಯ ಬರಲಿಲ್ಲ ಎಂಬುದು ನಿಜ. ಅದಕ್ಕಾಗಿ ಅವಳಿಗೆ ನಾಚಿಕೆಯಿದೆ.

ಕಳೆದ ಬುಧವಾರ ಈ ಲೇಖನದ ಕರಡನ್ನೂ, ಕಡತವನ್ನು ತಿದ್ದಬೇಕೆಂದು ಆಡಳಿತ ಮಂಡಳಿಗೆ ಕೊಟ್ಟ ಪತ್ರದ ಪ್ರತಿಯನ್ನೂ ಅವಳು ವಾರ್ಡಿಗೆ ಒಯ್ದು ಅವರ ಕೈಗಿತ್ತಳು. ಅವರು ಸ್ಟೂಲಿನ ಮೇಲೆಯೇ ಕುಳಿತು, ಪೆನ್ನು ಹಿಡಿದು, ಎರಡನ್ನೂ ಓದಿದರು. ಅವಳು ‘ನಾಲ್ಕು ಸೆಕೆಂಡು’ ಎಂದು ಬರೆದಿದ್ದನ್ನು ‘ನಾಲ್ಕೂವರೆ’ ಮಾಡಿದರು. ಬೇರೇನನ್ನೂ ಮುಟ್ಟಲಿಲ್ಲ.

“ಇದನ್ನ ನೋಡಿ ಮಂಡಳಿಯವರು ಏನಂತಾರೆ? ನಿನ್ನ ಕುರ್ಚಿ ಉಳಿಯತ್ತಾ?” ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ‘ಮೇಡಂ’ ಬಿಟ್ಟಿದ್ದರು.

“ಗೊತ್ತಿಲ್ಲ ಸರ್.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಹೂಂ. ಈಗ ಸರಿಯಾಗಿ ಬರೆದಿದ್ದೀಯ.”

ಮಂಡಳಿಯಿಂದ ಇನ್ನೂ ಉತ್ತರ ಬಂದಿಲ್ಲ. ಪೂಜ್ಯರಾದ ಸರ್ ಅವರಿಗೆ ಆಯುಸ್ಸು ಆರೋಗ್ಯಗಳು ಹೇರಳವಾಗಿರಲಿ, ಅವರ ಕೈಗಡಿಯಾರ ಇನ್ನೂ ಬಹುಕಾಲ ನಮ್ಮ ಅವಸರಗಳನ್ನು ಅಳೆಯುತ್ತಿರಲಿ ಎಂಬುದು ವಿಭಾಗದ ಎಲ್ಲರ ಹಾರೈಕೆ. ಮೂರನೆಯ ಮಹಡಿಯ ಆ ಸ್ಟೂಲನ್ನು ಯಾರೂ ಅಲ್ಲಿಂದ ತೆಗೆಯಕೂಡದೆಂದು ವಿಭಾಗದ ಮುಖ್ಯಸ್ಥೆ ನಿನ್ನೆ ಲಿಖಿತ ಆದೇಶ ಹೊರಡಿಸಿದ್ದಾಳೆ. ಆ ಹುದ್ದೆಯಲ್ಲಿ ಅವಳ ಕೊನೆಯ ಆದೇಶ ಅದೇ ಆದರೂ ಅವಳಿಗೆ ಚಿಂತೆಯಿಲ್ಲ.