ಕ್ಯಾಮೆರಾ ಮೇಲೆ ಅರಿಶಿನ ಕುಂಕುಮ

ಕಳೆದ ವಾರ ನಮ್ಮ ಹೊಸ ಎಲೆಕ್ಟ್ರಿಕ್ ಎಸ್‌ಯುವಿ ನಿಂಬೆಹಣ್ಣಿಗೆ ಹೆದರಿ ನಿಂತುಬಿಟ್ಟಿತು!

ನಗಬೇಡಿ. ಏಳು ಸೀಟು, ಸುತ್ತಲೂ ಕ್ಯಾಮೆರಾ, ಎದುರಿಗೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವ ಸೆನ್ಸರ್. ಒಂದು ಚಾರ್ಜಿಗೆ ಊಟಿಗೆ ಹೋಗಿ ವಾಪಸ್ ಬರಬಹುದಂತೆ. ಹಿಮದಲ್ಲಿ, ಮರಳುಗಾಡಿನಲ್ಲಿ ಓಡಿಸಿ ಟೆಸ್ಟ್ ಮಾಡಿದ್ದಾರೆ ಎಂದು ಶೋರೂಮಿನವರು ಹೇಳಿದ್ದೇ ಹೇಳಿದ್ದು. (ನಡುವೆ ಉಸಿರಾಡಿದ್ದು ನಾನಂತೂ ನೋಡಲಿಲ್ಲ.) ನಾನು ಕೇಳಿದ್ದು ಒಂದೇ. ಮಂಡಿನೋವಿನ ಅಮ್ಮ ಮುಂದಿನ ಸೀಟಿಗೆ ಆರಾಮಾಗಿ ಹತ್ತಬಹುದಾ? ಹತ್ತಬಹುದು ಅಂದರು. ಬುಕ್ ಮಾಡಿದೆ.

ರಾಮಕೃಷ್ಣನಗರದ ನಮ್ಮ ಮನೆ ಮುಂದೆ ಕಾರಿನ ಪೂಜೆ. ಅಮ್ಮನೇ ಮಾಡಲಿ ಎಂದು ಹಟ ಹಿಡಿದವಳು ನಾನು. ಅಪ್ಪ ಹೋದ ಮೇಲೆ ಅಮ್ಮ ಯಾವ ಶುಭಕಾರ್ಯದಲ್ಲೂ ಮುಂದೆ ಬಂದವಳಲ್ಲ. ಅವತ್ತೂ ಅಂಜುತ್ತಲೇ ಬಂದಳು. ಆಮೇಲೆ ಉತ್ಸಾಹ ಬಂತು ನೋಡಿ, ಬಾನೆಟ್ಟು, ಬಂಪರ್ರು, ಗಾಜು, ಎಲ್ಲಕ್ಕೂ ಧಾರಾಳವಾಗಿ ಅರಿಶಿನ ಕುಂಕುಮ ಬಳಿದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಚಕ್ರದ ಮುಂದೆ ನಿಂಬೆಹಣ್ಣು ಇಟ್ಟೆವು. ನಾನು ಸ್ಟೀರಿಂಗ್ ಹಿಡಿದೆ. ಕಾರು ಚೂರು ಅಲುಗಾಡಿ, ಗಕ್ಕನೆ ತಾನೇ ಬ್ರೇಕ್ ಹಾಕಿ ಕುಂಯ್ ಕುಂಯ್ ಎನ್ನತೊಡಗಿತು.

"ನಾನು ಆಗ್ಲೇ ಬಡ್ಕೊಂಡೆ. ಮುತ್ತೈದೆ ಕೈಲಿ ಮಾಡಿಸ್ಬೇಕಿತ್ತು ಕಣೇ" ಎಂದರು ನಜರ್‌ಬಾದ್‌ನಿಂದ ಬಂದಿದ್ದ ಸೋದರತ್ತೆ. (ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ರಿಟೈರ್ ಆದವರು!)

ನನಗೆ ಮೈಯೆಲ್ಲ ಉರಿದುಹೋಯಿತು. ಕ್ಯಾಮೆರಾ, ಸೆನ್ಸರ್ ಮುಚ್ಚಿಹೋಗಿವೆ, ಸ್ವಚ್ಛ ಮಾಡಿ ಎಂದು ಸ್ಕ್ರೀನಿನಲ್ಲಿ ದಪ್ಪಕ್ಷರದಲ್ಲಿ ಬರುತ್ತಿತ್ತು.

"ಬಂದು ನೀವೇ ಓದಿ ಅತ್ತೆ" ಎಂದೆ.

"ಅದೆಲ್ಲಾ ನೆಪ, ಬುಡು" ಎಂದರು.

ಈ ದೇಶದ ಫ್ಯಾಮಿಲಿಗಳಿಗೆಂದೇ ಡಿಸೈನ್ ಮಾಡಿದ ಕಾರಂತೆ. ಇಲ್ಲಿ ಹೊಸ ಗಾಡಿಗೆ ಕುಂಕುಮ ಹಚ್ಚುತ್ತಾರೆಂದು ಆ ಇಂಜಿನಿಯರುಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಾ? ಹೋಗಲಿ, ಕಾರಾದರೂ ತನಗೆ ಕಾಣುತ್ತಿಲ್ಲ ಎಂದು ಒಪ್ಪಿಕೊಂಡಿತು. ಅತ್ತೆ ಅದನ್ನೂ ಮಾಡಲಿಲ್ಲ.

ಇಳಿದು ಬಂಪರನ್ನೂ ಗಾಜನ್ನೂ ಒರೆಸಿದೆ. ಕಾರು ಸದ್ದಿಲ್ಲದೆ ಮುಂದೆ ಹೋಯಿತು, ನಿಂಬೆಹಣ್ಣು ಅಪ್ಪಚ್ಚಿ. ಅಪಶಕುನದ ಕಾರಿಗೆ ಎಲ್ಲರಿಗಿಂತ ಮೊದಲು ಹತ್ತಿದವರು ಯಾರು ಅಂದುಕೊಂಡಿರಿ? ಅತ್ತೆ! "ಎಸಿ ಹಾಕೇ, ಸೆಕೆ" ಬೇರೆ.

ಅಮ್ಮ ಮಾತ್ರ ಪೂಜೆಯ ತಟ್ಟೆ ಹಿಡಿದು ಒಳಗೆ ಹೋಗಿಬಿಟ್ಟಿದ್ದಳು. "ಮಂಡಿ ನೋಯ್ತಿದೆ ಕಣೇ. ನೀವೆಲ್ಲ ಹೋಗ್ಬನ್ನಿ" ಎಂದಳು. ಎಷ್ಟು ಕರೆದರೂ ಬರಲಿಲ್ಲ.

ಕ್ಯಾಮೆರಾಗೆ ಒಂದು ಒದ್ದೆ ಬಟ್ಟೆ ಸಾಕಾಯಿತು. ಅಮ್ಮನ ಮನಸ್ಸಿಗೆ ಮೆತ್ತಿಕೊಂಡ ಆ ಮಾತನ್ನು ಯಾವುದರಿಂದ ಒರೆಸಲಿ, ಹೇಳಿ?