ಬಟ್ಟಲಿಲ್ಲದ ಮನೆಯಲ್ಲಿ ಭಂಡಾರದ ವಾಸನೆ

ನಾನು ದೇವರನ್ನು ನಂಬುವವಳು. ಆದರೆ ದೇವರ ಹೆಸರಿನಲ್ಲಿ ಜನ ಹೇಳುವ ಪವಾಡಗಳನ್ನು ನಂಬಿದವಳಲ್ಲ. ಯಾರಾದರೂ ಅಂಥದ್ದು ಹೇಳತೊಡಗಿದರೆ ಹೂಂ ಅನ್ನುತ್ತ ರೊಟ್ಟಿ ಬಡಿಯುತ್ತಿದ್ದೆ. ಈಗ ನನಗೇ ಆದದ್ದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ನನ್ನ ಬಲಗಣ್ಣಿನ ಪೊರೆ ತೆಗೆಸಿದೆವು. ಉಗರಗೋಳದ ನಮ್ಮ ಮನೆಯಲ್ಲಿ ಯಾವ ನೋವಿಗೂ ಮೊದಲ ಔಷಧ ಯಲ್ಲಮ್ಮನ ಭಂಡಾರ. ಹಣೆಗೆ ಹಚ್ಚಿದ ಬೆರಳನ್ನು ಕಣ್ಣಿಗೂ ಒತ್ತಿಕೊಳ್ಳುವುದು ರೂಢಿ. "ಆ ಅರಿಷಿಣದ ಪುಡಿ ಕಣ್ಣಿನ ಹತ್ರ ತರಬ್ಯಾಡ್ರಿ" ಎಂದು ಡಾಕ್ಟರು ಮೊದಲೇ ಹೇಳಿದ್ದರು. ನನ್ನ ಬೆರಳಿನ ಮೇಲೆ ನನಗೇ ಭರವಸೆ ಇರಲಿಲ್ಲ. ಭಂಡಾರದ ಬಟ್ಟಲನ್ನೇ ಬಟ್ಟೆಯಲ್ಲಿ ಗಂಟು ಕಟ್ಟಿ ಮುರಗೋಡದ ನೆಗೆಣ್ಣಿಯ ಮನೆಗೆ ಕಳಿಸಿಬಿಟ್ಟೆ.

ಆಪರೇಷನ್ ಚೆನ್ನಾಗಿ ಆಯಿತೆಂದರು. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದರು. ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತಿದ್ದೆ. ಇದ್ದಕ್ಕಿದ್ದಂತೆ ಭಂಡಾರದ ವಾಸನೆ! ಹುಣ್ಣಿಮೆಯ ದಿನ ಯಲ್ಲಮ್ಮನ ಗುಡ್ಡದ ಮೇಲೆ ಮೂಗಿಗೆ ಅಡರುತ್ತದಲ್ಲ, ಹಾಗೆ. ಸೆರಗು ಮೂಸಿದೆ, ದಿಂಬು ಮೂಸಿದೆ. ಅಲ್ಲೆಲ್ಲೂ ಇಲ್ಲ. ಕನ್ನಡಕ ತೆಗೆದರೆ ಮಾತ್ರ ವಾಸನೆ ಹೆಚ್ಚಾಗುತ್ತಿತ್ತು. ಅದು ನನ್ನ ಕಣ್ಣಿನಿಂದಲೇ ಬರುತ್ತಿತ್ತು. ಕಣ್ಣಿಗೋ ನೋವಿಲ್ಲ, ಕೆಂಪಿಲ್ಲ.

"ಈಗಿಂದೀಗ ದವಾಖಾನಿಗೆ ನಡೀರಿ" ಎಂದೆ ಯಜಮಾನರಿಗೆ.

"ವಾಸನಿ ಬಂತು ಅಂತ ಹೋದ್ರ ಕಣ್ಣ ಬಿಟ್ಟು ಮೂಗು ತಪಾಸ ಮಾಡತಾರ ನೋಡ" ಎಂದು ನಕ್ಕರು. ನಕ್ಕರೂ ಬಂದರು. ಅದೂ ಯಲ್ಲಮ್ಮ ತಾಯಿಯ ದಯೆಯೇ.

ಡಾಕ್ಟರು ಒಮ್ಮೆ ಕಣ್ಣು ನೋಡಿ, ದೀಪ ಹತ್ತಿರ ತಂದು ಮತ್ತೊಮ್ಮೆ ನೋಡಿದರು. ಒಳಗೆ ಸೋಂಕು ತಗಲಿ ಕೀವು ಆಗತಾನೆ ಶುರುವಾಗಿತ್ತು. ಕೂಡಲೇ ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟು ಅಲ್ಲೇ ಇರಿಸಿಕೊಂಡರು. ನೋವಿಲ್ಲದೆ ಏಕೆ ಬಂದಿರಿ ಎಂದು ಕೇಳಿದ್ದಕ್ಕೆ ವಾಸನೆಯ ಸಂಗತಿ ಹೇಳಿದೆ. ಮರುದಿನ ದವಾಖಾನೆ ನಡೆಸುವವರು ಅದನ್ನೇ ಹಿಡಿದುಕೊಂಡರು.

"ಭಂಡಾರ ಹಚ್ಚೀರಿ, ಅದಕ್ಕ ಹಿಂಗಾಗೈತಿ. ಒಪ್ಪಿಕೊಳ್ರಿ ಅಮ್ಮಾರ."

"ಹಚ್ಚಿಲ್ಲರಿ. ಹಚ್ಚದ್ದು ಹೆಂಗ ಒಪ್ಪಲಿ?"

ಅಷ್ಟರಲ್ಲಿ ನನ್ನ ಜೊತೆ ಅದೇ ದಿನ ಆಪರೇಷನ್ ಆಗಿದ್ದ ಹುಸೇನಸಾಬರನ್ನು ಕರೆತಂದರು. ರಾತ್ರಿಯಿಡೀ ನೋವಂತೆ. ಅವರ ಕಣ್ಣಲ್ಲೂ ಅದೇ ಕೀವು.

"ಹಂಗಾರ ಇವರೂ ಯಲ್ಲಮ್ಮನ ಭಂಡಾರ ಹಚ್ಕೊಂಡಿದ್ರೇನ್ರಿ?" ಎಂದು ಗಟ್ಟಿಯಾಗಿ ಕೇಳಿದೆ.

ಆ ನೋವಿನಲ್ಲೂ ಹುಸೇನಸಾಬರು, "ನಾ ಕಣ್ಣಿಗೆ ಸುರ್ಮಾ ಹಚ್ಚೂದೂ ಬಿಟ್ಟೇನಿ, ಯವ್ವಾ" ಎಂದರು.

ಆಪರೇಷನ್ ಹೊತ್ತಿನಲ್ಲಿ ಕಣ್ಣು ತೊಳೆದ ಔಷಧದ ನೀರಿನಲ್ಲೇ ಬ್ಯಾಕ್ಟೀರಿಯಾ ಇತ್ತೆಂದು ಆಮೇಲೆ ತಿಳಿಯಿತು. ಹುಸೇನಸಾಬರ ಕಣ್ಣು ಹೋಯಿತು, ನನ್ನದು ಉಳಿಯಿತು. ಸೂಜಿಗೆ ದಾರ ಪೋಣಿಸುತ್ತೇನೆ. ಜೋಳದಲ್ಲಿ ಹರಳು ಆರಿಸುವಾಗ ಹರಳು ಹರಳಿಗೂ ತಾಯಿಯನ್ನು ನೆನೆಯುತ್ತೇನೆ. ಅವರಿಗೇಕೆ ವಾಸನೆ ಕಳಿಸಲಿಲ್ಲ ಎಂದು ಅವಳನ್ನೇ ಕೇಳಿಯೂ ಕೇಳುತ್ತೇನೆ.

ನೆಗೆಣ್ಣಿ ಬಟ್ಟಲು ಮರಳಿ ತಂದಾಗ ನಾನು ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. ವಾಸನೆಯ ಮಾತು ಬಿಟ್ಟುಬಿಡು, ಜನ ನಿನ್ನ ಮೇಲೇ ಸಂಶಯ ಪಡುತ್ತಾರೆ ಎಂದು ಯಜಮಾನರು ಇಂದಿಗೂ ಹೇಳುತ್ತಾರೆ. ಏಕೆ ಬಿಡಲಿ? ಭಂಡಾರ ನಾನು ಹಚ್ಚಿರಲಿಲ್ಲ. ವಾಸನೆ ಬಂದದ್ದೂ ಸುಳ್ಳಲ್ಲ. ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಆದರೆ ಒಂದು ನಿಜ ಉಳಿಸಿಕೊಳ್ಳಲು ಇನ್ನೊಂದನ್ನು ನುಂಗುವವಳು ನಾನಲ್ಲ.