ದುರ್ಗಪ್ಪನ ಮುಂಬಯಿ

ಮುಂಬಯಿಯಲ್ಲಿ ದುರ್ಗಪ್ಪನಿಗೆ ಗೊತ್ತಿಲ್ಲದ ಓಣಿ ಒಂದಿದೆ ಎಂದು ಯಾರಾದರೂ ಹೇಳಿದ್ದರೆ, ಆ ಓಣಿ ಮುಂಬಯಿಯದ್ದೇ ಅಲ್ಲ ಎಂದು ಬೈಲಹೊಂಗಲದ ನಾವು ಸಹಿ ಹಾಕಿ ಕೊಡುತ್ತಿದ್ದೆವು. ಆ ಊರಲ್ಲಿ ಎಲ್ಲಿ ಉಣ್ಣಬೇಕು, ಏನು ನೋಡಬೇಕು, ಯಾವ ಮಗ್ಗುಲಿಗೆ ನಿಂತರೆ ಗಾಳಿ ಬರುತ್ತದೆ, ಎಲ್ಲ ಅವನ ನಾಲಿಗೆಯ ಮೇಲೆ. ಕಣ್ಣು ಕಟ್ಟಿ ಬಿಟ್ಟರೂ ಸೀದಾ ಸಮುದ್ರಕ್ಕೆ ಹೋಗಿ ಕಾಲು ತೊಳೆದುಕೊಂಡು ಬರುತ್ತೇನೆ ಎಂದು ಅವನೇ ಹೇಳುತ್ತಿದ್ದ. ನಾವು ನಂಬಿದ್ದೆವು. ಸಮುದ್ರವೂ ನಂಬಿತ್ತೋ ಏನೋ.

ಅವನ ಕಸುಬು ಸುಟ್ಟ ಪಂಪಿನ ಮೋಟರಿಗೆ ತಾಮ್ರದ ತಂತಿ ಸುತ್ತುವುದು. ಮಾರ್ಕೆಟ್ ಯಾರ್ಡಿನ ಎದುರಿಗೆ ಅಂಗಡಿ. ಸುತ್ತಿ ಸುತ್ತಿ ಸುತ್ತುವ ಚಟ ಅವನ ಮೈಗೇ ಹತ್ತಿಬಿಟ್ಟಿತ್ತು. ಕೂತಲ್ಲಿ ಕೂರುವ ಜೀವವಲ್ಲ. ಕಾಲು ಅಲುಗಿಸುತ್ತಾನೆ, ಏಳುತ್ತಾನೆ, ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾನೆ, ರಸ್ತೆ ಇದ್ದಲ್ಲೇ ಇರುವುದನ್ನು ಕಂಡು ಒಳಗೆ ಬರುತ್ತಾನೆ. ಚಹಾದ ಕಪ್ಪು ಕೈಯಲ್ಲಿ ಹಿಡಿದು ಅವನು ನಡೆದ ದೂರವನ್ನು ಉದ್ದಕ್ಕೆ ಎಳೆದರೆ ಸವದತ್ತಿ ಮುಟ್ಟಿ ರಾಮದುರ್ಗಕ್ಕೆ ಹೋಗಿ ಅಲ್ಲೊಂದು ಚಹಾ ಕುಡಿದು ಬರಬಹುದು. ಮೋಟರು ತಂದ ರೈತರು ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದರು. ಕಾಯುವವರಿಗೆ ಮುಂಬಯಿ ಪುಕ್ಕಟೆ.

ವರ್ಷಕ್ಕೊಮ್ಮೆ, ಡಿಸೆಂಬರ್ ಆರಕ್ಕೆ, ಬಾಬಾಸಾಹೇಬರ ಪುಣ್ಯತಿಥಿಯ ದಿನ, ಅವರಿಗೆ ಕೈ ಮುಗಿಯಲು ದುರ್ಗಪ್ಪ ದಾದರಿನ ಚೈತ್ಯಭೂಮಿಗೆ ಹೋಗುತ್ತಾನೆ. ಮೀಸೆ ಮೂಡುವ ಮೊದಲು ಅಪ್ಪನ ಕೈ ಹಿಡಿದು ಹೋದದ್ದು, ಮೀಸೆ ಬೆಳ್ಳಗಾದರೂ ತಪ್ಪಿಲ್ಲ. ದೊಡ್ಡ ಊರಿಗೆ ಹೊರಟವರಿಗೆ ಅವನು ಕೊಡುತ್ತಿದ್ದ ಉಪದೇಶ ಯಾವಾಗಲೂ ಒಂದೇ.

"ದಾದರದಾಗ ಇಳದ ಮ್ಯಾಲೆ ಯಾರಿಗೂ ದಾರಿ ಕೇಳಬ್ಯಾಡ್ರಿ. ಮಂದಿ ಹೊಂಟ ಕಡೆ ಹೋಗ್ರಿ, ಸಮುದ್ರ ತಾನ ಬರತೈತಿ. ಹೊಟೇಲಿಗೆ ಹೋಗೂದು ಗೊತ್ತಿಲ್ಲದವರ ಕೆಲಸ. ಪಾಳಿ ಹಿಡದು ನಿಂತು ಕೈ ಮುಂದ ಮಾಡ್ರಿ, ವಡಾಪಾವ್ ಬರತೈತಿ, ಬಾಳಿಹಣ್ಣು ಬರತೈತಿ. ಪಾಕೀಟ ತಗದ್ರ ಅವರು ಬ್ಯಾಸರ ಮಾಡ್ಕೋತಾರ."

ಈ ಮಾತು ಕೇಳಿ ಹೋಗಿ ಬಂದವರೆಲ್ಲ ಅವನನ್ನು ಹೊಗಳುತ್ತಲೇ ಬಂದಿದ್ದರು. ಒಬ್ಬರೂ ತಕರಾರು ಮಾಡಿರಲಿಲ್ಲ.

ಹೊಗಳದೆ ಉಳಿದವಳು ಅವನ ಹೆಂಡತಿ ಸುಂದರವ್ವ ಒಬ್ಬಳೇ, ಏಕೆಂದರೆ ಅವಳು ಹೋಗಿಯೇ ಇರಲಿಲ್ಲ. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಪ್ರತಿ ವರ್ಷ ಅವನ ಚೀಲ ತುಂಬುವಾಗ ನಾನೂ ಬರುತ್ತೇನೆ ಎನ್ನುವಳು. ಆ ಗದ್ದಲದಲ್ಲಿ ನೀನು ಕಳೆದುಹೋದರೆ ಎಲ್ಲಿ ಹುಡುಕಲಿ ಎಂದು ಅವನು ಚೀಲ ಎತ್ತಿಕೊಳ್ಳುವನು. ಈ ಯುಗಾದಿಗೆ ಅವಳು ಅಂಗಡಿಗೆ ಬುತ್ತಿ ತಂದವಳು, ಕಟ್ಟೆಯ ಮೇಲೆ ನಾವೆಲ್ಲ ಇದ್ದಾಗಲೇ ಮಾತು ತೆಗೆದಳು.

"ಹಂಗಾರ ಗದ್ದಲ ಇಲ್ಲದಾಗ ಕರಕೊಂಡ ಹೋಗ್ರಿ. ಬ್ಯಾಸಗ್ಯಾಗ ಸಮುದ್ರ ಬತ್ತತೈತೇನು?"

ದುರ್ಗಪ್ಪ ಬಾಗಿಲಿಗೆ ಹೋಗಿ ಬಂದ. ಮತ್ತೊಮ್ಮೆ ಹೋಗಿ ಬಂದ. ಉತ್ತರ ರಸ್ತೆಯಲ್ಲಿ ಸಿಗಲಿಲ್ಲ. ಮೇ ತಿಂಗಳಲ್ಲಿ ಕರೆದುಕೊಂಡು ಹೋಗುವುದಾಗಿ ಎಲ್ಲರೆದುರು ಮಾತು ಕೊಟ್ಟ. ಸುಂದರವ್ವ ಆ ವಾರ ಹೊಲಿದ ರವಿಕೆಗಳೆಲ್ಲ ಒಂದು ಬೆರಳು ಸಡಿಲವಾದವಂತೆ. ಕೇಳಿದವರಿಗೆ, ಗಾಳಿ ಆಡಲಿ ಎಂದಳಂತೆ.

ಅಷ್ಟರಲ್ಲಿ ಸಂಗೊಳ್ಳಿಯ ಗುರುನಾಥ ಮುಂಬಯಿಗೆ ಹೊರಟ. ಅಲ್ಲಿ ಅವನ ತಂಗಿಯ ಮನೆ. ಮೋಟರು ಒಯ್ಯಲು ಬಂದಾಗ ದುರ್ಗಪ್ಪನ ಉಪದೇಶವನ್ನೂ ಕಟ್ಟಿಕೊಂಡು ಹೋದ. ತಿರುಗಿ ಬಂದವನು ಮನೆಗೆ ಹೋಗಲಿಲ್ಲ, ಬಸ್ ಸ್ಟ್ಯಾಂಡಿನಿಂದ ನೇರ ಅಂಗಡಿಗೆ ಬಂದ.

ದಾದರಿನಲ್ಲಿ ಇಳಿದು ಮಂದಿ ಹೊರಟ ಕಡೆ ಹೊರಟನಂತೆ. ಮಂದಿ ಸೇತುವೆ ಹತ್ತಿದರು, ಇವನೂ ಹತ್ತಿದ. ಮಂದಿ ಇಳಿದರು, ಇವನೂ ಇಳಿದ. ಮಂದಿ ಒಂದು ಲೋಕಲ್ ರೈಲಿನೊಳಗೆ ನುಗ್ಗಿದರು. ಇವನು ನುಗ್ಗಲಿಲ್ಲ, ನುಗ್ಗಿಸಲ್ಪಟ್ಟ. ಆಮೇಲೆ ಅವನ ಕಾಲು ನೆಲ ಮುಟ್ಟಿದ್ದು ಮುಂಬಯಿ ದಾಟಿ ಆಚೆಯ ವಿರಾರಿನಲ್ಲಿ. ಅಲ್ಲಿ ಹಸಿವಾಗಿ ಗಾಡಿಯೊಂದರ ಮುಂದೆ ಪಾಳಿಯಲ್ಲಿ ನಿಂತು ಕೈ ಮುಂದೆ ಮಾಡಿದ. ವಡಾಪಾವ್ ಬಂತು. ತಿಂದು ನಮಸ್ಕಾರ ಮಾಡಿ ಹೊರಟಾಗ ಗಾಡಿಯವನು ಅಂಗಿ ಹಿಡಿದ.

"ದುರ್ಗಪ್ಪ ಹೇಳ್ಯಾನ ಅಂದೆ. ಯಾವ ದುರ್ಗಪ್ಪ ಅಂದ. ಏನಣ್ಣ, ಅಷ್ಟು ದೊಡ್ಡ ಊರಾಗ ನಿನ್ನ ಹೆಸರ ಗೊತ್ತಿರೋ ಒಬ್ಬ ಗಂಡಸ ಸಿಗಲಿಲ್ಲ."

ಕಟ್ಟೆ ನಕ್ಕಿತು. ನಕ್ಕು ಮುಗಿಯುವ ಹೊತ್ತಿಗೆ ನಮ್ಮ ತಲೆಗೆ ಹೊಳೆಯಿತು: ದುರ್ಗಪ್ಪನನ್ನು ಹೊಗಳಿದವರೆಲ್ಲ ಹೋದದ್ದು ಅವನ ಜೊತೆಗೇ, ಡಿಸೆಂಬರ್ ಆರಕ್ಕೇ. ಆ ದಿನ ದಾದರಿನ ದಾರಿ ತುಂಬ ಮಂದಿ ಒಂದೇ ಕಡೆ ನಡೆಯುತ್ತಾರೆ. ದೂರದಿಂದ ಬಂದವರಿಗೆ ದಾನಿಗಳು ಸಾಲು ಹಿಡಿದು ಉಣ್ಣಲು ಹಂಚುತ್ತಾರೆ. ದುರ್ಗಪ್ಪ ಕಂಡ ಮುಂಬಯಿ ಒಂದು ಮೈದಾನ, ಒಂದು ಸಮುದ್ರ, ಒಂದು ದಿನ. ವರ್ಷವಿಡೀ ಆ ಊರು ಹಾಗೇ ಇರುತ್ತದೆ ಎಂದು ಅವನು ನಂಬಿದ್ದ.

ದುರ್ಗಪ್ಪ ಕೂತ. ನಮಗೆ ಹೆದರಿಕೆಯಾದದ್ದು ಆಗ.

ಸಂಜೆ ಮನೆಗೆ ಹೋಗಿ, ಈ ಸಲ ಬೇಡ, ಅಲ್ಲಿ ಬಿಸಿಲು ಹೆಚ್ಚಂತೆ ಎಂದು ಶುರು ಮಾಡಿದನಂತೆ. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಸುಂದರವ್ವ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಟಿಕೀಟ ತಗದಾಗೇತಿ, ರೊಟ್ಟಿ ಬಡದಾಗೇತಿ. ನಿಮಗ ಗೊತ್ತಿಲ್ಲಂದ್ರ ಏನಾತು, ಇಬ್ಬರೂ ಕೂಡಿ ಹುಡಕೂಣು."

ಹೋದರು. ಬೆಳಗಾವಿಯಲ್ಲಿ ರೈಲು ಹತ್ತಿ ದಾದರಿನಲ್ಲಿ ಇಳಿದರು. ಹೊರಗೆ ಬಂದು ದುರ್ಗಪ್ಪ ನಿಂತ. ಮಂದಿ ಇದ್ದರು, ಆದರೆ ಒಬ್ಬೊಬ್ಬರು ಒಂದೊಂದು ಕಡೆ ಹೊರಟಿದ್ದರು. ಅವನು ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದ, ಬಲಕ್ಕೆ ಹಾಕಿದ, ತನ್ನ ಸುತ್ತ ತಾನೇ ತಿರುಗಿದ. ಇನ್ನೆರಡು ಸುತ್ತು ತಿರುಗಿದ್ದರೆ ಆ ಓಣಿಗೆ ಅವನೇ ಕರೆಂಟು ಕೊಡುತ್ತಿದ್ದ. ಕೊನೆಗೆ ಸುಂದರವ್ವ ಹೂ ಮಾರುವವಳನ್ನು ಮರಾಠಿಯಲ್ಲಿ ಕೇಳಿದಳು. ಸುಂದರವ್ವನ ತವರು ಮರಾಠಿ ಮಾತಾಡುವ ನಿಪ್ಪಾಣಿ ಕಡೆ. ಹೂ ಕಟ್ಟುತ್ತಲೇ ಹೂವಿನವಳು ಗದ್ದದಿಂದ ದಾರಿ ತೋರಿಸಿದಳು.

ಚೈತ್ಯಭೂಮಿಯಲ್ಲಿ ಕೈ ಮುಗಿದರು. ಹಿಂದೆ ಸಮುದ್ರವಿತ್ತು. ಮರಳ ಮೇಲೆ ಮೂರ್ನಾಲ್ಕು ನಾಯಿ, ಮುಖ ಆ ಕಡೆ ಮಾಡಿ ಕೂತ ಒಂದು ಜೋಡಿ. ಸುಂದರವ್ವ ಸೀರೆ ಎತ್ತಿ ನೀರಿನಲ್ಲಿ ಕಾಲಿಟ್ಟಳು. ದುರ್ಗಪ್ಪ ನೀರು ನೋಡಲಿಲ್ಲ. ಯಾರನ್ನೋ ಕರೆದೊಯ್ಯಲು ಸ್ಟೇಶನ್ನಿಗೆ ಬಂದವನ ಹಾಗೆ ರಸ್ತೆ ನೋಡುತ್ತ ಆ ಕಡೆ ಈ ಕಡೆ ಓಡಾಡಿದ. ಬಾಯಾರಿತ್ತು. ಯಾರೂ ನೀರು ತರಲಿಲ್ಲ.

"ಸಮುದ್ರ ಛಲೋ ಐತ್ರಿ. ನೀವು ಹೇಳತಿದ್ದ ಆ ಮಂದಿ ಎಲ್ಲಿ?"

ಅವಳು ಕೇಳಿದ್ದು ಅಷ್ಟೇ. ಅವಳಿಗೆ ಬೇಕಾಗಿದ್ದದ್ದು ಆ ಮಂದಿ ಎಂದು ಅವನಿಗೆ ಅಲ್ಲಿ ತಿಳಿಯಿತು. ಇಷ್ಟು ವರ್ಷ ಮಂದಿಯ ಕಥೆ ಹೇಳಿ, ಮಂದಿಯ ನೆಪ ಒಡ್ಡಿಯೇ ಅವಳನ್ನು ಮನೆಯಲ್ಲಿ ಬಿಟ್ಟು ಹೋಗಿದ್ದ.

ಆಮೇಲೆ ಮಳೆಗಾಲ ಪೂರ್ತಿ ಅಂಗಡಿಯಲ್ಲಿ ಮುಂಬಯಿ ಇಲ್ಲ. ದುರ್ಗಪ್ಪ ತಂತಿ ಸುತ್ತುತ್ತಿದ್ದ, ಎದ್ದು ಹೋಗುತ್ತಿದ್ದ, ಎಣಿಕೆ ತಪ್ಪಿ ಮತ್ತೆ ಬಿಚ್ಚುತ್ತಿದ್ದ. ಆ ದಿನಗಳಲ್ಲಿ ಅವನು ಸುತ್ತಿದ ಒಂದು ಮೋಟರು ಬಾವಿಯ ನೀರು ಎತ್ತುವುದು ಬಿಟ್ಟು, ಪಕ್ಕದ ಹೊಲದ ಕಾಲುವೆಯಿಂದ ನೀರೆಳೆದು ಬಾವಿ ತುಂಬಿಸಿತಂತೆ. ನಾನು ಕಂಡಿಲ್ಲ, ಆದರೆ ಹೇಳಿದವನು ಸುಳ್ಳಾಡುವವನಲ್ಲ, ಆಗಾಗ ಅಷ್ಟೇ. ಗುರುನಾಥ ಬಂದಾಗಲೆಲ್ಲ ಕೈ ಮುಂದೆ ಮಾಡಿ, ಅಣ್ಣ ವಡಾಪಾವ್ ಕೊಡು ಎನ್ನುವನು. ದುರ್ಗಪ್ಪ ಸ್ಕ್ರೂಡ್ರೈವರ್ ಕೊಡುವನು.

ಡಿಸೆಂಬರ್ ಬಂತು. ಈ ಸಲ ಚೀಲ ತುಂಬಿದವನು ದುರ್ಗಪ್ಪ. ಅವಳ ಸೀರೆಯನ್ನೂ ತಾನೇ ಮಡಚಿ ಇಟ್ಟನಂತೆ, ಕೆಟ್ಟದಾಗಿ. ರೈಲಿನಲ್ಲಿ ಕೂರಲು ಜಾಗವಿರಲಿಲ್ಲ. ದಾದರಿನಲ್ಲಿ ಇಳಿದರೆ ನಡೆಯುವ ಪ್ರಶ್ನೆಯೇ ಇಲ್ಲ, ದಾರಿಯೇ ಹೊತ್ತುಕೊಂಡು ಹೋಯಿತು. ಅವನು ಅವಳ ಸೆರಗಿನ ತುದಿಯನ್ನು ತನ್ನ ಕೈಗೆ ತಂತಿ ಸುತ್ತಿದಂತೆ ಬಿಗಿಯಾಗಿ ಸುತ್ತಿಕೊಂಡಿದ್ದ. ಮೈದಾನದ ಹತ್ತಿರ ಗುರುತಿಲ್ಲದ ಹುಡುಗಿಯೊಬ್ಬಳು "ಆಯಿ, ಪಾಣಿ ಘ್ಯಾ" ಎಂದು ಸುಂದರವ್ವನ ಕೈಗೆ ನೀರು ಕೊಟ್ಟಳು. ಇನ್ನಾರೋ ಬಾಳೆಹಣ್ಣು ಕೊಟ್ಟರು. ಸುಂದರವ್ವ ಆ ಹಣ್ಣನ್ನು ತಿನ್ನದೆ ಬೈಲಹೊಂಗಲದವರೆಗೆ ತಂದಳು. ಅದು ಬರುವಷ್ಟರಲ್ಲಿ ಹಣ್ಣಾಗಿ ಉಳಿದಿರಲಿಲ್ಲ, ಆ ಮಾತು ಬೇರೆ.

ಊರಿಗೆ ಬಂದ ಮರುದಿನ ಬುತ್ತಿ ತಂದವಳು ಕಟ್ಟೆಯ ಮೇಲಿದ್ದವರಿಗೆ ತಾನೇ ಹೇಳತೊಡಗಿದಳು: ದಾದರಿನಲ್ಲಿ ಇಳಿದ ಮೇಲೆ ಯಾರಿಗೂ ದಾರಿ ಕೇಳಬಾರದು, ಮಂದಿ ಹೊರಟ ಕಡೆ ಹೋಗಬೇಕು. ದುರ್ಗಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ, ಒಂದು ಕಾಲು ಅಲುಗಿಸುತ್ತ. ಗುರುನಾಥ ಅಲ್ಲೇ ಇದ್ದ.

"ಹಂಗಾರ ನಾ ಹೋದಾಗ ಆ ಮುಂಬೈ ಎಲ್ಲಿ ಹೋಗಿತ್ತು, ದುರ್ಗಣ್ಣ?"

"ನೀ ಹೋದಾಗ ಬಂದ್ ಇತ್ತೋ ತಮ್ಮಾ. ತಗದಾಗ ಹೋಗಬೇಕು."